ಹನ್ನೊಂದೂವರೆ ಮೀಟರಿನ ಪ್ರಳಯ

ಲೇಕ್ ಮಾರ್ಕೆಟ್ಟಿನ ನಮ್ಮ ಕನ್ನಡ ಬಳಗದ ಊಟದ ಸಾಲಿನಲ್ಲಿ ಕೊನೆಗೆ ತುಂಬುವ ಕುರ್ಚಿ ವೀರಭದ್ರಣ್ಣನ ಪಕ್ಕದ್ದು. ಮನುಷ್ಯ ಅಪ್ಪಟ ಬಂಗಾರ, ಆದರೆ ಮಾತಿಗೆ ಕೂತರೆ ಮಣ್ಣು ಬಿಟ್ಟು ಬೇರೆ ವಿಷಯವಿಲ್ಲ. ನೀವು ಬಿಸಿಬೇಳೆಬಾತಿನ ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ, "ನೀವು ನ್ಯೂ ಟೌನ್‌ನಾಗ ಹದಿನಾಲ್ಕನೇ ಮಹಡಿ ಮ್ಯಾಲ ಇರೋದಲ್ರಿ? ನಿಮ್ಮ ಬಿಲ್ಡಿಂಗ್ ಬುಡಕ ಏನೈತಿ ಗೊತ್ತೈತೇನ್ರಿ?" ಎಂದು ಕೇಳುತ್ತಾರೆ. ಗೊತ್ತಿಲ್ಲ, ಗೊತ್ತಾಗುವುದೂ ಬೇಡ ಅಂದರೂ ಬಿಡುವವರಲ್ಲ. ನನ್ನ ಫ್ಲ್ಯಾಟಿನ ಕೆಳಗೆ ಒಂದಿಡೀ ಕಾಡು ಕೊಳೆತು ಕಪ್ಪಗೆ ಮಲಗಿದೆ ಎಂದು ನನಗೆ ತಿಳಿಸಿದವರು ಅವರೇ. ಆಮೇಲೆ ಒಂದು ವಾರ ಲಿಫ್ಟ್ ಅಲುಗಿದರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ನಾನು ನಿಹಾರಿಕಾ. ಬೆಂಗಳೂರಿನವಳು, ಈ ಬಂಗಾಳಿಗಳ ಊರಿನಲ್ಲಿ ಐಟಿ ಕಂಪನಿಯಲ್ಲಿ ಕೆಲಸ. ಬಳಗದ ಕಾರ್ಯದರ್ಶಿ ಹುದ್ದೆ ಯಾರಿಗೂ ಬೇಡವಾಗಿ ನನ್ನ ತಲೆಗೆ ಬಂದು ಐದು ವರ್ಷವಾಯಿತು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಜನ ಹೇಳುತ್ತಾರೆ. ಹತ್ತು ಗಂಟೆಯ ಕಾರ್ಯಕ್ರಮಕ್ಕೆ ಹನ್ನೊಂದಕ್ಕೆ ಬಂದು "ಕಾಫಿ ಆಯ್ತಾ?" ಎಂದು ಕೇಳುವವರ ನಡುವೆ ಐದು ವರ್ಷ ಇದ್ದು ನೋಡಿ, ನಿಮಗೂ ಬರುತ್ತದೆ. ಆದರೆ ಹೋದ ಡಿಸೆಂಬರಿನ ಆ ಭಾನುವಾರ ನಡೆದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ನಡಾವಳಿ ಪುಸ್ತಕದಲ್ಲಿ ಅದನ್ನು ಎರಡು ಸಾಲಿನಲ್ಲಿ ಬರೆದು ಮುಗಿಸಿದ್ದೇನೆ. ಅಷ್ಟಕ್ಕೆ ಮನಸ್ಸಿಗೆ ಸಮಾಧಾನವಾಗಿಲ್ಲ.

ಮೊದಲು ವೀರಭದ್ರಣ್ಣನ ಕೆಲಸ ಏನೆಂದು ಹೇಳಬೇಕು. ರಾಣೆಬೆನ್ನೂರಿನ ಕಡೆಯವರು. ಡಿಪ್ಲೊಮಾ ಮುಗಿಸಿ, ಮೂವತ್ತೊಂದು ವರ್ಷದ ಹಿಂದೆ ಒಂದು ಸಣ್ಣ ಮಣ್ಣು ಪರೀಕ್ಷೆಯ ಕಂಪನಿ ಸೇರಿ ಇಲ್ಲಿಗೆ ಬಂದು ಡಮ್ ಡಮ್‌ನಲ್ಲಿ ಮನೆ ಮಾಡಿದರು. ದೊಡ್ಡ ಕಟ್ಟಡ ಏಳುವ ಮೊದಲು ಆ ಜಾಗದಲ್ಲಿ ಬೋರ್ ಕೊರೆಸಿ, ಎಷ್ಟು ಆಳದಲ್ಲಿ ಎಂಥ ಮಣ್ಣಿದೆ ಎಂದು ಬರೆದುಕೊಳ್ಳುವುದು ಅವರ ಕಸುಬು. ಬೇಕಾದ ಆಳ ಬಂದಾಗ ಉಕ್ಕಿನ ಕೊಳವೆಯೊಂದನ್ನು ಗುಂಡಿಯ ತಳಕ್ಕೆ ಇಳಿಸಿ, ಬಡಿದು, ಮಣ್ಣು ಹೇಗಿದೆಯೋ ಹಾಗೆಯೇ ತುಂಬಿಸಿ ಮೇಲೆತ್ತುತ್ತಾರೆ. ಎರಡೂ ತುದಿಗೆ ಮೇಣ ಹುಯ್ದು ಮುಚ್ಚುತ್ತಾರೆ. ವರದಿಗೆ ಸಹಿ ಎಂಜಿನಿಯರುಗಳದ್ದು. ಇವರದ್ದು ಸೈಟಿನ ಪುಸ್ತಕದ ಮೂಲೆಯಲ್ಲಿ ಎರಡಕ್ಷರದ ಗೀಚು ಮಾತ್ರ. ಈ ಊರಿನ ಎಷ್ಟೋ ಮಹಡಿಗಳು ಅವರು ಬರೆದ ಅಂಕಿಗಳ ಮೇಲೆ ನಿಂತಿವೆ. ಅವರ ಹೆಸರು ಮಾತ್ರ ಯಾವ ಕಾಗದದಲ್ಲೂ ಇಲ್ಲ.

ಅವರಿಗೊಂದು ಹಠವಿದೆ. ಕೊಳವೆ ಇಳಿಸುವ ಮೊದಲು, ತುದಿಗೆ ಸೀಸದ ಗುಂಡು ಕಟ್ಟಿದ ಟೇಪನ್ನು ಗುಂಡಿಗೆ ಬಿಟ್ಟು ಆಳ ಅಳೆಯಲೇಬೇಕು. ಯಾಕೆಂದರೆ ಮೇಲಿನ ಮಣ್ಣು ಸದ್ದಿಲ್ಲದೆ ಜಾರಿ ತಳದಲ್ಲಿ ಕೂತಿರುತ್ತದೆ. ಅಳೆಯದೆ ಇಳಿಸಿದರೆ ಆ ಕುಸಿದ ಮಣ್ಣೇ ಕೊಳವೆಗೆ ತುಂಬಿಕೊಂಡು, ಹನ್ನೊಂದು ಮೀಟರ್ ಆಳದ್ದು ಎಂದು ಸುಳ್ಳು ಹೇಳುತ್ತದೆ. ಅಳತೆ ಒಂದು ಗೇಣು ಕಡಿಮೆ ಬಂದರೂ ಗುಂಡಿಯನ್ನು ಮತ್ತೆ ಚೊಕ್ಕ ಮಾಡಿಸುತ್ತಾರೆ. ಬಂಗಾಳಿ ಕೆಲಸಗಾರರು ಬೇಸತ್ತು ಅವರಿಗೆ ಫಿತೇದಾ ಎಂದು ಹೆಸರಿಟ್ಟಿದ್ದಾರೆ. ಫಿತೇ ಅಂದರೆ ಟೇಪು, ದಾ ಅಂದರೆ ಅಣ್ಣ.

ಇಂಥ ಫಿತೇದಾನ ಮಂಚದ ಕೆಳಗೆ ಇಪ್ಪತ್ನಾಲ್ಕು ವರ್ಷದಿಂದ ಒಂದು ಕೊಳವೆ ಇತ್ತು. ಒಂದೂವರೆ ಅಡಿ ಉದ್ದ, ಎರಡೂ ಕಡೆ ಮೇಣ. ಡಮ್ ಡಮ್‌ನ ಒಂದು ಸೈಟಿನಲ್ಲಿ ಹನ್ನೊಂದೂವರೆ ಮೀಟರ್ ಆಳದಿಂದ ತೆಗೆದದ್ದು. ಮೇಣ ಹುಯ್ಯುವ ಮುಂಚೆ ನೋಡಿದಾಗ ಕೆಳತುದಿಯಲ್ಲಿ ಕೊಳೆತ ಕಾಡಿನ ಕಪ್ಪು ಮಣ್ಣು, ಮೇಲ್ತುದಿಯಲ್ಲಿ ಬೆಳ್ಳನೆ ಮರಳು. ಜೇಡಿ ಇರಬೇಕಾದ ಜಾಗದಲ್ಲಿ ಮರಳು ಎಲ್ಲಿಂದ ಬಂತು? ಕಾಡನ್ನು ಒಂದೇ ಏಟಿಗೆ ಮುಚ್ಚಿದ ಮಹಾ ಪ್ರವಾಹದಿಂದ ಬಂತು. ಮನುವಿನ ದೋಣಿಯನ್ನು ಮೀನು ಎಳೆದುಕೊಂಡು ಹೋಯಿತಲ್ಲ, ಆ ನೀರಿನಿಂದ ಬಂತು. ಹೀಗೆಂದು ವೀರಭದ್ರಣ್ಣ ತೀರ್ಮಾನ ಮಾಡಿಬಿಟ್ಟಿದ್ದರು. ಅಲ್ಲಿ ಕಟ್ಟಬೇಕಿದ್ದ ಕಟ್ಟಡ ನಿಂತುಹೋಗಿ, ಕೊಳವೆಯನ್ನು ಯಾರೂ ಪರೀಕ್ಷೆಗೆ ಕೇಳಲಿಲ್ಲ. ಅದನ್ನೂ ಆ ಸೈಟಿನ ಪುಸ್ತಕವನ್ನೂ ಇವರು ಮನೆಗೆ ತಂದರು.

ಕೊಳವೆ ಮೇಲೆತ್ತಿದ ದಿನವೇ ಅವರ ಒಬ್ಬಳೇ ಮಗಳು ವರ್ಷಿಣಿ ಹುಟ್ಟಿದ್ದು. ಪ್ರತಿ ಹುಟ್ಟುಹಬ್ಬಕ್ಕೂ ಪಾಯಸದ ಬಟ್ಟಲು ಕೈಗೆ ಕೊಟ್ಟು, "ನೀ ಬಂದ ದಿನಾನ ಪ್ರಳಯ ನನ್ನ ಕೈಗೆ ಸಿಕ್ತು ನೋಡವಾ" ಎನ್ನುತ್ತಿದ್ದರು. ಅವರ ಹೆಂಡತಿ ಇಂದಿರಕ್ಕನಿಗೆ ಆ ಕೊಳವೆ ಕಂಡರೆ ಆಗುತ್ತಿರಲಿಲ್ಲ. "ನಾ ಅಲ್ಲಿ ಬ್ಯಾನಿ ತಿನ್ನಾಕ ಹತ್ತಿದ್ದೆ, ಇವ್ರು ಇಲ್ಲಿ ಕೊಳವಿಗೆ ಮೇಣ ಹುಯ್ಕೊಂತ ಕುಂತಿದ್ರು. ಮಗಳು ಹುಟ್ಟಿ ಎರಡು ತಾಸಾದ ಮ್ಯಾಲ ಬಂದ್ರು, ಕೈತುಂಬ ಮೇಣ" ಎಂದು ನನಗೆ ಹತ್ತು ಸಲವಾದರೂ ಹೇಳಿದ್ದಾರೆ. ನೆಲ ಒರೆಸುವಾಗ ಕೊಳವೆಯನ್ನು ಕಾಲಿನಿಂದ ಸರಿಸುತ್ತಿದ್ದರು, ಕೈಯಿಂದ ಮುಟ್ಟುತ್ತಿರಲಿಲ್ಲ.

ಈಗ ನಮ್ಮ ಬಳಗದ ಉಲ್ಟಾ ವಾದದ ವಿಷಯ. ಹಿಂದೊಮ್ಮೆ ಚರ್ಚಾಸ್ಪರ್ಧೆಯಲ್ಲಿ ಜಗಳ ಹತ್ತಿ ಎರಡು ಸಂಸಾರಗಳು ಮಾತು ಬಿಟ್ಟ ಮೇಲೆ ಹಿರಿಯರು ಒಂದು ನಿಯಮ ತಂದರು. ಯಾರು ಏನನ್ನು ನಂಬುತ್ತಾರೋ ಅದಕ್ಕೆ ವಿರುದ್ಧವಾಗಿ ವಾದಿಸಬೇಕು. ಜೀವ ತೇಯ್ದು ವಾದಿಸಬೇಕು, ಬೇಕಂತಲೇ ಸೋತರೆ ನಾನು ಗಂಟೆ ಹೊಡೆದು ಕೂರಿಸುತ್ತೇನೆ. ಕೇಳುವವರ ಕುರ್ಚಿಗಳು ಮೊದಲು ನಡುವೆ ಇರುತ್ತವೆ. ಯಾವ ಪಕ್ಷದ ಮಾತು ಮನಸ್ಸಿಗೆ ಹತ್ತಿತೋ ಆ ಕಡೆಗೆ ಕುರ್ಚಿ ಎತ್ತಿಕೊಂಡು ಹೋಗಬೇಕು. ಅದೇ ವೋಟು. ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು.

ಈ ಸಲದ ವಿಷಯ, ಧರ್ಮಗಳು ಹೇಳುವ ಪುರಾತನ ಜಲಪ್ರಳಯಕ್ಕೆ ನೆಲದೊಳಗೆ ಸಾಕ್ಷಿ ಇದೆಯೇ ಇಲ್ಲವೇ. ಹೆಸರು ಕೊಟ್ಟವರು ನಾಲ್ವರು. ಅಹಲ್ಯಾ, ಮೈಸೂರಿನ ಹುಡುಗಿ, ಇಲ್ಲಿ ಪುರಾತತ್ವದಲ್ಲಿ ಸಂಶೋಧನೆ ಮಾಡುತ್ತಾಳೆ, ಸಾಕ್ಷಿ ಇಲ್ಲವೇ ಇಲ್ಲ ಎನ್ನುವವಳು. ಆಕಾಶ್, ನನ್ನ ಆಫೀಸಿನವನು, ಯಾವುದನ್ನೂ ನಂಬದವನು. ಇಬ್ಬರೂ ಸಾಕ್ಷಿ ಇದೆ ಎಂದು ವಾದಿಸಬೇಕು. ದಿನಕ್ಕೆ ಹದಿನೈದು ಪುರಾಣದ ವಾಟ್ಸಾಪ್ ಕಳಿಸಿ ನನ್ನ ಫೋನಿನ ಜೀವ ಹಿಂಡುವ ಪ್ರಾಣೇಶ, ಮತ್ತು ವೀರಭದ್ರಣ್ಣ, ಇಬ್ಬರೂ ಇಲ್ಲ ಎಂದು ವಾದಿಸಬೇಕು.

"ನಿಮ್ಮ ಕೊಳವೆ ವಿರುದ್ಧ ನೀವೇ ಮಾತಾಡ್ಬೇಕಾಗತ್ತಲ್ಲ ಅಣ್ಣ, ಯಾಕೆ ಹೆಸರು ಕೊಟ್ರಿ?" ಎಂದು ಕೇಳಿದೆ.

ವೀರಭದ್ರಣ್ಣ ಮೀಸೆಯಡಿ ನಕ್ಕರು. "ನಾ ಪ್ರಳಯ ಐತಿ ಅಂದ್ರ ನೀವೆಲ್ಲ ನಗ್ತೀರಿ. ಆ ಹುಡುಗಿ ಪಿಎಚ್‌ಡಿ ಓದಾಕಿ. ಆಕಿ ಬಾಯಿಂದ ಬರಲಿ. ನಾ ಸೋತ್ರ ನನ್ನ ಕೊಳವಿ ಗೆದ್ದಂಗ."

ಎಂಥ ಕಿಲಾಡಿ! ನನಗೆ ಕುಣಿಯುವಷ್ಟು ಖುಷಿಯಾಯಿತು. ಮರುವಾರವೇ ಅವರು ಕೊಳವೆಯ ವಿಷಯವನ್ನೂ ಸೈಟಿನ ಪುಸ್ತಕವನ್ನೂ ಅಹಲ್ಯಾಳಿಗೆ ಒಪ್ಪಿಸಿದರು. ಅವಳು ಪುಟ ತಿರುಗಿಸುತ್ತ ಕಣ್ಣರಳಿಸಿ, "ಅಂಕಲ್, ಇದು ಬರೀ ವಾದದ ಮಾತಲ್ಲ. ಪದರ ನಿಜವಾಗಿದ್ರೆ ಲ್ಯಾಬಿಗೆ ಕಳಿಸ್ತೀನಿ. ಪ್ರಬಂಧ ಬಂದ್ರೆ ಅದರಲ್ಲಿ ನಿಮ್ಮ ಹೆಸರು ಇರತ್ತೆ" ಎಂದಳು. ಪುಸ್ತಕವನ್ನು ಪೂರ್ತಿ ಬಿಟ್ಟುಕೊಡುವ ಮುಂಚೆ ವೀರಭದ್ರಣ್ಣನ ಹೆಬ್ಬೆರಳು ಆ ಪುಟದ ಮೇಲೆ ಒಂದು ಗಳಿಗೆ ಹೆಚ್ಚೇ ನಿಂತದ್ದನ್ನು ನಾನು ನೋಡಿದೆ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಹೆಸರು ಅಚ್ಚಾಗುತ್ತದಲ್ಲ, ಅದಕ್ಕೇ ಬಿಡಲು ಮನಸ್ಸಾಗಲಿಲ್ಲವೇನೋ ಎಂದುಕೊಂಡೆ.

ಭಾನುವಾರ ಬೆಳಗ್ಗೆ ಡಮ್ ಡಮ್ ಮೆಟ್ರೊ ಸ್ಟೇಷನ್ನಿನಲ್ಲೇ ರಾದ್ಧಾಂತ. ಎರಡೂ ಕಡೆ ಮುಚ್ಚಿದ ಕಬ್ಬಿಣದ ಕೊಳವೆ ಚೀಲದಲ್ಲಿಟ್ಟುಕೊಂಡು ಬಂದರೆ ಪೊಲೀಸರು ಸುಮ್ಮನೆ ಬಿಡುತ್ತಾರೆಯೇ? ಏನಿದು ಎಂದು ಕೇಳಿದ್ದಕ್ಕೆ ವೀರಭದ್ರಣ್ಣ ತಮ್ಮ ಬಂಗಾಳಿಯಲ್ಲಿ ಮಾಟಿ, ಅಂದರೆ ಮಣ್ಣು, ಎಂದು ಹೇಳುವುದು ಬಿಟ್ಟು ಪ್ರಳಯ ಎಂದುಬಿಟ್ಟರಂತೆ. ವರ್ಷಿಣಿ ಅಪ್ಪನ ಕಂಪನಿಯ ಗುರುತಿನ ಚೀಟಿ ತೋರಿಸಿ, ಅರ್ಧ ಗಂಟೆ ಮಾತಾಡಿ ಬಿಡಿಸಿಕೊಂಡು ಬಂದಳು. "ನಿಹಾರಿಕಾ ದೀದಿ, ಪಪ್ಪ ಟೋಟಲೀ ಪಾಗಲ್. ಪೊಲೀಸ್ ಮುಂದೆ ಹೋಗಿ ಪ್ರಳಯ್ ಅಂತಾರಾ ಯಾರಾದ್ರೂ?" ಎಂದು ಬಂದವಳೇ ನನ್ನ ಹತ್ತಿರ ದೂರಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಮೂರು ಭಾಷೆಯ ಚಿತ್ರಾನ್ನ.

ಕಿರಾಣಿ ಅಂಗಡಿಯ ಮೇಲಿನ ನಮ್ಮ ಹಾಲಿನಲ್ಲಿ ಅವತ್ತು ಅರವತ್ತು ಜನ. ಹತ್ತಕ್ಕೆ ಹತ್ತೂ ಜನ ಬಾರದ ಬಳಗದಲ್ಲಿ ಒಂಬತ್ತೂ ಮುಕ್ಕಾಲಿಗೆ ಅರವತ್ತು! ಕೆಳಗಿನ ಚಹಾದವನು ಭಾಂಡ್‌ಗಳಲ್ಲಿ ಚಹಾ ತಂದಿಟ್ಟ. ಭಾಂಡ್ ಅಂದರೆ ಇಲ್ಲಿ ಚಹಾ ಕುಡಿದು ಎಸೆಯುವ ಸುಟ್ಟ ಮಣ್ಣಿನ ಪುಟ್ಟ ಲೋಟ. ನಾನು ಪೂಜೆಯ ಗಂಟೆ ಎತ್ತಿ ಬಾರಿಸಿದೆ.

ಅಹಲ್ಯಾ ಶುರುಮಾಡಿದಳು. ಸುಮಾರು ನೂರು ವರ್ಷದ ಹಿಂದೆ ಮೆಸೊಪೊಟೇಮಿಯದ ಊರ್ ಎಂಬ ಹಳೆಯ ನಗರವನ್ನು ಅಗೆದಾಗ, ಆಳದಲ್ಲಿ ಎಂಟು ಹತ್ತು ಅಡಿ ದಪ್ಪದ ಶುದ್ಧ ಮೆಕ್ಕಲು ಸಿಕ್ಕಿತು. ಅದರ ಕೆಳಗೂ ಮಡಕೆ ಚೂರು, ಮೇಲೂ ಮಡಕೆ ಚೂರು, ನಡುವೆ ಮನುಷ್ಯನ ಸುಳಿವೇ ಇಲ್ಲ. "ಊರಿಗೆ ಊರೇ ನೀರಲ್ಲಿ ಮುಳುಗಿ ಮತ್ತೆ ಎದ್ದಿದೆ. ಇದನ್ನ ಕಂಡವರು ನೋಹನ ಪ್ರಳಯ ಸಿಕ್ತು ಅಂತ ಜಗತ್ತಿಗೆಲ್ಲ ಸಾರಿದ್ರು!" ಮಂಗಳೂರಿನ ಲವೀನಾ ಆಂಟಿ ಚಪ್ಪಾಳೆ ಹೊಡೆದು ಕುರ್ಚಿ ಎತ್ತಿಕೊಂಡು ಆ ಕಡೆಗೆ ನಡೆದರು.

ಪ್ರಾಣೇಶ ಎದ್ದ. ಮೊದಲು ಕಣ್ಣು ಮುಚ್ಚಿ ಕೈಮುಗಿದು ಏನೋ ಗೊಣಗಿದ. ದೇವರ ಹತ್ತಿರ ಕ್ಷಮೆ ಕೇಳಿದ್ದಂತೆ. ಆಮೇಲೆ ಬಾಯಿ ಬಿಟ್ಟ ನೋಡಿ, ನಾವೆಲ್ಲ ಬೆಪ್ಪಾದೆವು! "ಆಸುಪಾಸಿನ ಬೇರೆ ನಗರಗಳಲ್ಲೂ ಪ್ರವಾಹದ ಮಣ್ಣು ಸಿಕ್ಕಿದೆ. ಆದರೆ ಅವುಗಳ ಕಾಲ ಬೇರೆ ಬೇರೆ. ಒಂದೇ ಮಹಾಪ್ರಳಯ ಆಗಿದ್ದರೆ ಕಾಲವೂ ಒಂದೇ ಆಗಬೇಕಿತ್ತಲ್ಲ? ಅವೆಲ್ಲ ಆಯಾ ನದಿ ಆಯಾ ಊರಿಗೆ ನುಗ್ಗಿದ ನೆರೆ, ಅಷ್ಟೇ." ಹತ್ತು ಕುರ್ಚಿಗಳು ಅವನ ಕಡೆಗೆ ಬಂದವು. ಆಕಾಶ್ ಬಿಡಲಿಲ್ಲ. ನದಿಯ ದಡದಲ್ಲಿ ಬದುಕಿದ ಅಷ್ಟೊಂದು ಜನಾಂಗಗಳು ಮನು, ನೋಹ, ನೂಹ್ ಎಂದು ಬೇರೆ ಬೇರೆ ಹೆಸರಿನಲ್ಲಿ ಒಂದೇ ಬಗೆಯ ಕಥೆ ಕಟ್ಟಿದ್ದು ಬರೀ ಕಲ್ಪನೆಯೇ ಎಂದು ಮೇಜು ಗುದ್ದಿದ. ವಿಜಯಪುರದ ಮುನೀರ್ "ಶಾಭಾಶ್!" ಎಂದು ಕೂಗಿ ಕುರ್ಚಿಯನ್ನು ತಲೆಯ ಮೇಲೆ ಹೊತ್ತು ಆ ಕಡೆಗೆ ಓಡಿದ. ಕುರ್ಚಿಗಳು ಎಳೆದಾಡುವ ಸದ್ದಿಗೆ ಕೆಳಗಿನ ಅಂಗಡಿಯವರು ಬಂದು ಏನಾಯಿತೆಂದು ನೋಡಿ, ಅವರೂ ಬಾಗಿಲಲ್ಲಿ ನಿಂತುಬಿಟ್ಟರು.

"ಈಗ ನನ್ನ ಕೊನೇ ಸಾಕ್ಷಿ. ಇದು ಇದೇ ಊರಿನ ನೆಲದ್ದು" ಎಂದಳು ಅಹಲ್ಯಾ. ಕೊಳವೆ ಮೇಜಿಗೆ ಬಂತು.

ಮಣ್ಣನ್ನು ಹೊರಗೆ ತಳ್ಳುವ ಸ್ಕ್ರೂ ಜ್ಯಾಕನ್ನು ವೀರಭದ್ರಣ್ಣನೇ ಕಂಪನಿಯಿಂದ ಕೇಳಿ ತಂದಿದ್ದರು. ಮೇಣ ಕೆರೆದು, ಕೊಳವೆ ಕೂರಿಸಿ, ಹಿಡಿ ತಿರುಗಿಸಿದರು. ಅಲುಗಲಿಲ್ಲ. ಇಪ್ಪತ್ನಾಲ್ಕು ವರ್ಷದ ತುಕ್ಕು. ಮುನೀರ್ ಬಂದು ಕೈಹಾಕಿದ. ಆಕಾಶ್ ಬಂದ. ಎದುರು ಪಕ್ಷ ಎಂಬುದನ್ನೂ ಮರೆತು ಪ್ರಾಣೇಶ ಪಂಚೆ ಎತ್ತಿಕಟ್ಟಿ ಬಂದ. ಎಲ್ಲರೂ ಎದ್ದು ನಿಂತು "ಹುಂ, ಹುಂ" ಎನ್ನತೊಡಗಿದರು. ಒಮ್ಮೆಲೆ ಟಕ್ ಎಂದಿತು. ಮೊದಲು ಬೆಳ್ಳನೆ ಮರಳು ಇಣುಕಿತು. ನಾಲ್ಕು ಬೆರಳಷ್ಟು ಮರಳು, ಅದರ ಬೆನ್ನಿಗೆ ಕಪ್ಪು ಮಣ್ಣು. ವೀರಭದ್ರಣ್ಣ ಇಷ್ಟು ವರ್ಷ ಹೇಳಿದ್ದು ಹಾಗೆಯೇ ಕಣ್ಣೆದುರು ಬಂತು. ನಾನು ಗಂಟೆಯನ್ನು ಕೆಳಗಿಟ್ಟು ಮುಂದೆ ನುಗ್ಗಿದೆ.

ಅಹಲ್ಯಾ ತೆಳ್ಳನೆ ಚಾಕುವಿನಿಂದ ಮರಳನ್ನು ಸೀಳಿದಳು. ಚಾಕು ಏನಕ್ಕೋ ತಗುಲಿ ಕಿರ್ ಎಂದಿತು. ಬೆರಳಿನಿಂದ ಬಿಡಿಸಿ ಎತ್ತಿದಳು. ಹೆಬ್ಬೆರಳ ಗಾತ್ರದ, ಕೆಂಪು, ದುಂಡು ಅಂಚಿನ ಮಡಕೆಯ ಚೂರು.

ಹಾಲಿನಲ್ಲಿ ಆ ಕ್ಷಣ ಎದ್ದ ಗದ್ದಲವನ್ನು ನನಗೆ ಬರೆಯಲು ಬರುವುದಿಲ್ಲ. ಲವೀನಾ ಆಂಟಿ ಶಿಲುಬೆಯ ಗುರುತು ಮಾಡಿಕೊಂಡರು. ಪ್ರಾಣೇಶನ ಕಣ್ಣಲ್ಲಿ ನೀರು. "ಮನುಷ್ಯರು ಇದ್ರು! ಪ್ರಳಯದ ಮಣ್ಣಲ್ಲಿ ಮನುಷ್ಯರ ಮಡಕೆ!" ಎಂದು ಯಾರೋ ಕಿರುಚಿದರು. ಕುರ್ಚಿಗಳೆಲ್ಲ ಅಹಲ್ಯಾಳ ಕಡೆಗೆ ಹಾರಿದವು. ನಡುವೆ ಉಳಿದದ್ದು ಇಂದಿರಕ್ಕನ ಕುರ್ಚಿ ಒಂದೇ. ಅವರು ಮೊದಲಿನಿಂದ ಕೈಕಟ್ಟಿ ಕೂತಿದ್ದವರು ಅಲುಗಿರಲಿಲ್ಲ. ಅಹಲ್ಯಾ ಚೂರನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು. ಇಷ್ಟು ಆಳದಲ್ಲಿ, ಕಾಡಿನ ಮಣ್ಣಿನ ಮೇಲೆ ಮಡಕೆ ಸಿಗುವುದೆಂದರೆ ಅವಳು ಓದಿದ್ದೆಲ್ಲ ತಲೆಕೆಳಗು. ಅವಳು ವಾದಕ್ಕೆ ನಟಿಸುತ್ತಿರಲಿಲ್ಲ, ನಿಜವಾಗಿ ನಂಬಿಬಿಟ್ಟಿದ್ದಳು.

"ಒಂದೇ ಒಂದು ಅನುಮಾನ ಬರಬಹುದು" ಎಂದು ಅವಳು ದನಿ ಏರಿಸಿದಳು. "ಮೇಲಿನ ಮಣ್ಣು ಕುಸಿದು ಕೊಳವೆಗೆ ಸೇರಿರಬಹುದು ಅನ್ನೋದು. ಅದಕ್ಕೆ ಉತ್ತರ ಇಲ್ಲಿದೆ." ಸೈಟಿನ ಪುಸ್ತಕ ಎತ್ತಿ ಹಿಡಿದಳು. "ಕೊರೆದ ಆಳ ಹನ್ನೊಂದೂವರೆ ಮೀಟರ್. ಟೇಪ್ ಬಿಟ್ಟು ಅಳೆದ ಆಳ ಹನ್ನೊಂದೂವರೆ ಮೀಟರ್. ಬೆರಳಗಲದ ಮಣ್ಣೂ ಕುಸಿದಿಲ್ಲ. ಬರೆದವರು ಯಾರು? ಟೇಪ್ ಬಿಡದೆ ಒಂದು ಹೆಜ್ಜೆ ಇಡದ ನಮ್ಮ ಫಿತೇದಾ! ವೀರಭದ್ರ ಅಂಕಲ್, ಇದಕ್ಕೆ ನಿಮ್ಮ ಹತ್ರ ಉತ್ತರ ಇದೆಯಾ?"

ಉತ್ತರ ಇಲ್ಲ ಎಂದರೆ ಮುಗಿಯಿತು. ಇಪ್ಪತ್ನಾಲ್ಕು ವರ್ಷ ಕಾದದ್ದು ಅಂಗೈಯಲ್ಲಿ. ಹೆಸರು ಪ್ರಬಂಧದಲ್ಲಿ. ಅವರು ಎದ್ದು ಬಂದು ಚೂರನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಹೆಬ್ಬೆರಳಿನಿಂದ ಅಂಚನ್ನು ಸವರಿದರು. ಕೊನೆಗೆ ಮಗಳ ಕಡೆಗೆ ಒಮ್ಮೆ ನೋಡಿದರು. ಇವರು ಬೇಕಂತಲೇ ಸುಮ್ಮನಿದ್ದಾರೆ, ನಿಯಮದ ಪ್ರಕಾರ ಗಂಟೆ ಹೊಡೆಯಬೇಕು ಎಂದು ನನಗೆ ಗೊತ್ತಿತ್ತು. ನನ್ನ ಕೈ ಏಳಲಿಲ್ಲ. ಅವರು ಸುಮ್ಮನಿದ್ದುಬಿಡಲಿ ಎಂದೇ ನನಗೂ ಆಸೆಯಾಗಿತ್ತು, ಸುಳ್ಳೇಕೆ ಹೇಳಲಿ.

"ಆ ಅಂಕಿ ಖೊಟ್ಟಿ ಐತ್ರಿ" ಎಂದರು ವೀರಭದ್ರಣ್ಣ.

ಯಾರಿಗೂ ಕೇಳಿಸಲಿಲ್ಲ. ಅವರು ಮತ್ತೊಮ್ಮೆ ಗಟ್ಟಿಯಾಗಿ ಹೇಳಿದರು. "ಪುಸ್ತಕದಾಗಿನ ಹನ್ನೊಂದೂವರೆ ಸುಳ್ಳು. ಅವತ್ತು ನಾ ಟೇಪ್ ಬಿಟ್ಟಿಲ್ಲ. ಅಳೀದೆ ಕೊಳವಿ ಇಳಿಸೀನಿ. ಆಮ್ಯಾಲ ಅಂಕಿ ತುಂಬೀನಿ."

ಲವೀನಾ ಆಂಟಿಯ ಕೈಯಲ್ಲಿದ್ದ ಖಾಲಿ ಭಾಂಡನ್ನು ಅವರು ಕೇಳಿ ಇಸಿದುಕೊಂಡು, ಮೇಜಿನ ಅಂಚಿಗೆ ಕುಕ್ಕಿ ಒಡೆದರು. ಒಡೆದ ಒಂದು ಚೂರನ್ನು ಕೊಳವೆಯ ಚೂರಿನ ಪಕ್ಕ ಇಟ್ಟರು. ಅದೇ ದಪ್ಪ, ಅದೇ ದುಂಡು ಅಂಚು. ಯಾವುದು ಯಾವುದೆಂದು ಅಹಲ್ಯಾಳಿಗೂ ತಿಳಿಯಲಿಲ್ಲ. "ಇದು ಮನುಂದೂ ಅಲ್ಲ, ನೋಹಂದೂ ಅಲ್ರಿ. ನನ್ನ ಚಾದ ಭಾಂಡ್. ಗುಂಡಿ ಬಾಯಾಗ ನಿಂತು ಚಾ ಕುಡೀತಿದ್ದೆ. ಚಾದ ಅಂಗಡಿಯವ ಓಡಿ ಬಂದು, ದಾದಾ, ಹಾಸ್ಪಾತಾಲ್ ಥೇಕೆ ಫೋನ್ ಅಂದ. ಹೆಂಡತಿಗೆ ಬ್ಯಾನಿ ಸುರು ಆಗೈತಿ ಅಂತ. ಕೈಯಾಗಿನ ಭಾಂಡ್ ಬಿತ್ತು. ಗುಂಡಿ ಬಾಯಿಗೆ ಇಳಿಸಿದ್ದ ಕೇಸಿಂಗ್ ಪೈಪಿಗೆ ಬಡದು ಠಣ್ ಅಂದಿದ್ದು ಈಗ ನೆನಪಾತು. ಮ್ಯಾಲ ಹಾಸಿದ್ದ ಮರಳೂ ನನ್ನ ಕಾಲಾಗ ಜಾರಿ ಒಳಗ ಬಿದ್ದಿರಬೇಕು. ಟೇಪ್ ಬಿಟ್ಟಿದ್ರ ಗೊತ್ತಾಗ್ತಿತ್ತು. ಗುಂಡಿ ಚೊಕ್ಕ ಮಾಡಾಕ ಇನ್ನೊಂದು ತಾಸು ಬೇಕಾಗ್ತಿತ್ತು. ಕೊಳವಿ ಇಳಿಸದ ಹಂಗ ಬಿಟ್ಟು ಹೋದ್ರ ಗುಂಡಿ ಕುಸಿದು ಮಂದಿ ದುಡಿದಿದ್ದೆಲ್ಲ ಹಾಳಾಗ್ತಿತ್ತು. ಅದಕ್ಕ ಅಳೀದೆ ಇಳಿಸಿ, ಮೇಣ ಹುಯ್ದು ಓಡಿದೆ."

ಅವರು ಎರಡೂ ಚೂರುಗಳನ್ನು ಅಹಲ್ಯಾಳ ಕಡೆಗೆ ಸರಿಸಿದರು.

"ಪಕ್ಕದ ಬೋರಿನ್ಯಾಗ ಈ ಮರಳು ಸಿಕ್ಕಿರಲಿಲ್ಲ. ಆವಾಗ ಅನುಮಾನ ಬಂದಿತ್ತು. ನನಗ ನಾನ ಏನೇನೋ ಹೇಳಿಕೊಂಡೆ. ಮೂವತ್ತೊಂದು ವರ್ಷದಾಗ ಅದೊಂದ ಸಲ ನಾ ಟೇಪ್ ಬಿಡಲಿಲ್ರಿ. ಸಾಕ್ಷಿ ಇಲ್ಲ. ನನ್ನ ವಾದ ಮುಗೀತು." ಇಷ್ಟು ಹೇಳಿ ಕೂತುಬಿಟ್ಟರು. ತಲೆ ಎತ್ತಲಿಲ್ಲ.

ಯಾರೂ ಕುರ್ಚಿ ಎತ್ತಲಿಲ್ಲ. ಸಿಟ್ಟಿನಿಂದಲ್ಲ, ಏನು ಮಾಡಬೇಕೆಂದೇ ತಿಳಿಯದೆ. ಅವರನ್ನು ಗೆಲ್ಲಿಸುವುದೆಂದರೆ ಅವರ ಪ್ರಳಯವನ್ನು ಕಸಕ್ಕೆ ಹಾಕಿದ ಹಾಗಲ್ಲವೇ?

ನಡುವಿನಿಂದ ಇಂದಿರಕ್ಕನ ದನಿ ಬಂತು. "ಅವತ್ತ ನೀವು ಟೇಪ್ ಬಿಡಲಿಲ್ಲೇನ್ರಿ?"

"ಇಲ್ಲ."

"ಖರೇನ?"

"ಖರೇ ಅಂದ್ನಲ್ಲ. ಎಷ್ಟ ಸಲ ಹೇಳಲಿ?"

ಇಂದಿರಕ್ಕ ಎದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕುರ್ಚಿ ಎತ್ತಿಕೊಂಡು, ಅರವತ್ತು ಜನರ ಮುಂದೆ ನೇರ ನಡೆದು ಹೋಗಿ ಗಂಡನ ಪಕ್ಕಕ್ಕೆ ತಾಗಿಸಿ ಇಟ್ಟು ಕೂತರು. ನನ್ನ ಕಡೆ ತಿರುಗಿ, "ಇಪ್ಪತ್ನಾಕು ವರ್ಷ ಆ ಕೊಳವಿ ಮ್ಯಾಲ ಸಿಟ್ಟ ಮಾಡೀನಿ ನೋಡವಾ. ನನಗಿಂತ ಅದ ಹೆಚ್ಚಾತು ಇವರಿಗೆ ಅಂತ. ಫಿತೇದಾ ಅಂತ, ಫಿತೇದಾ! ಟೇಪ್ ಬಿಡದೆ ಓಡಿ ಬಂದೀನಿ ಅಂತ ಒಂದ ಮಾತು ಹೇಳಾಕ ಏನಾಗಿತ್ತು ಇವರಿಗೆ?" ಎಂದರು. ನಗುತ್ತಲೂ ಇದ್ದರು, ಕಣ್ಣೊರೆಸಿಕೊಳ್ಳುತ್ತಲೂ ಇದ್ದರು.

ಆಮೇಲೆ ನೋಡಿ! ಮುನೀರ್ ಕುರ್ಚಿ ಎತ್ತಿದ. ಲವೀನಾ ಆಂಟಿ ಎತ್ತಿದರು. ಅರವತ್ತೂ ಕುರ್ಚಿಗಳು ಒಂದರ ಮೇಲೊಂದು ಬಿದ್ದು ವೀರಭದ್ರಣ್ಣನ ಕಡೆಗೆ ಬಂದವು. ಬಾಗಿಲಲ್ಲಿದ್ದ ಅಂಗಡಿಯವರು ಕುರ್ಚಿಯಿಲ್ಲದೆ ಸುಮ್ಮನೆ ನಡೆದು ಬಂದು ನಿಂತರು. ಕೊನೆಗೆ ಅಹಲ್ಯಾ ತನ್ನ ಕುರ್ಚಿಯನ್ನೇ ಎಳೆದುಕೊಂಡು ಬಂದಳು. ಸ್ಪರ್ಧಿಗಳು ಪಕ್ಷ ಬದಲಿಸಬಾರದೆಂಬ ನಿಯಮವಿದೆ. ನಾನು ಗಂಟೆ ಹೊಡೆಯಲಿಲ್ಲ.

ಅವಳು ಆಗಲೂ ಸುಮ್ಮನಿರಲಿಲ್ಲ. ಕಪ್ಪು ಮಣ್ಣಿನ ಹತ್ತಿರ ಬಗ್ಗಿ ನೋಡುತ್ತಿದ್ದವಳು ಕೂಗಿದಳು. "ಅಂಕಲ್, ಮೇಲಿನ ನಾಲ್ಕು ಬೆರಳು ಮಾತ್ರ ಕುಸಿದದ್ದು. ಕೆಳಗಿನದು ಒಂಚೂರೂ ಕದಡಿಲ್ಲ. ಇಲ್ಲಿ ನೋಡಿ, ಬೇರು! ನಿಂತ ಹಾಗೇ ಇದೆ. ಪ್ರಳಯ ಅಲ್ಲದಿದ್ರೆ ಬೇಡ, ಈ ಕಾಡು ಯಾವಾಗ ಹೇಗೆ ನೀರಿಗೆ ಹೋಯ್ತು ಅಂತ ಹುಡುಕೋಣ. ನಾನು ಇದನ್ನ ಕಳಿಸ್ತೀನಿ. ಆದರೆ ಪುಸ್ತಕ ಸರಿಮಾಡಿಕೊಡಿ."

ವೀರಭದ್ರಣ್ಣ ಜೇಬಿನಿಂದ ಪೆನ್ನು ತೆಗೆದರು. ಅಳೆದ ಆಳ ಎಂಬ ಮನೆಯಲ್ಲಿದ್ದ ಹನ್ನೊಂದೂವರೆಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಅಳೆದಿಲ್ಲ ಎಂದು ಬರೆದರು. ಎಂದಿನ ಎರಡಕ್ಷರದ ಗೀಚು ಹಾಕಲು ಹೋದವರನ್ನು ಅಹಲ್ಯಾ ತಡೆದು ಪೂರ್ತಿ ಹೆಸರು ಬರೆಯಲು ಹೇಳಿದಳು. ಅವರು ನಿಧಾನವಾಗಿ, ಶಾಲೆಯ ಹುಡುಗರ ಹಾಗೆ ಅಕ್ಷರ ದುಂಡಾಗಿಸಿ ಬರೆದರು. "ಇದೇ ಹೆಸರು ಪ್ರಬಂಧಕ್ಕೂ ಹೋಗತ್ತೆ" ಎಂದಳು ಅವಳು.

ಜನ ಊಟಕ್ಕೆ ಎದ್ದರು. ವೀರಭದ್ರಣ್ಣನ ಪಕ್ಕ ಕೂರಲು ಅವತ್ತು ಪ್ರಾಣೇಶನಿಗೂ ಮುನೀರನಿಗೂ ಜಗಳವೇ ಆಯಿತು. ಮೇಜು ಒರೆಸುತ್ತ ನಾನು ಮರಳನ್ನೂ ಚೂರುಗಳನ್ನೂ ಕಸದ ಬುಟ್ಟಿಗೆ ಗುಡಿಸಲು ಹೋದೆ. ವರ್ಷಿಣಿ ನನ್ನ ಕೈ ಹಿಡಿದಳು. ಮರಳು ಮೆತ್ತಿದ್ದ ಚೂರನ್ನು ಆರಿಸಿ ತೆಗೆದು, ದುಪಟ್ಟಾದ ತುದಿಯಲ್ಲಿ ಒರೆಸಿ ಪರ್ಸಿನೊಳಗೆ ಇಟ್ಟುಕೊಂಡಳು.

"ಇದು ನಂದು ದೀದಿ" ಎಂದಳು. "ನಾನ್ ಬರ್ತಿದೀನಿ ಅಂತ ಕೇಳಿ ಪಪ್ಪನ ಕೈಯಿಂದ ಬಿದ್ದಿದ್ದು."